ಗುಡ್ಡೆಯ ಕೇಪುಳಕ್ಕೆ ಈಶ್ವರನ ಹೆಸರು

ಮಾರ್ಚ್ ತಿಂಗಳಲ್ಲಿ ಕುಂಬಳೆ ಹತ್ತಿರದ ಅನಂತಪುರದ ಗುಡ್ಡೆ ಹತ್ತಿ ನೋಡಿ. ಹುಲ್ಲು ಒಣಗಿ ಬೆಳ್ಳಗಾಗಿರುತ್ತದೆ. ಮುರಕಲ್ಲು ಕಾದು ಬರಿಗಾಲಿಡಲು ಆಗುವುದಿಲ್ಲ. ಅಂಥ ಕಲ್ಲಿನ ಸಂದಿಯಲ್ಲೂ ಕೇಪುಳ ಕೆಂಪಗೆ ಅರಳಿ ನಿಂತಿರುತ್ತದೆ.

ಚಂದ್ರಗಿರಿ ಹೊಳೆ ದಾಟಿ ತೆಂಕಿಗೆ ಹೋದರೆ ಮಲಯಾಳದಲ್ಲಿ ಇದೇ ಹೂ ತೆಚ್ಚಿ, ಚೆತ್ತಿ, ಚೆಕ್ಕಿ. ಅಲ್ಲಿ ನಮ್ಮ ಭೂತಕೋಲದಂಥ ತೆಯ್ಯಂ ಕಟ್ಟುವಾಗ ಚೆಕ್ಕಿಯ ಮಾಲೆ ಬೇಕೇ ಬೇಕು. ಮುಖದ ಬಣ್ಣ ಕೆಂಪು, ಉಟ್ಟ ಬಟ್ಟೆ ಕೆಂಪು, ಹೂವೂ ಕೆಂಪು. ಭಗವತಿಯ ಪೂಜೆಗೂ ಇದೇ ಹೂ. ಕೆಂಪು ಎಂದರೆ ಶಕ್ತಿ, ರಕ್ತ, ಹುಟ್ಟು ಎಂದು ನಂಬಿದ ಊರಿನಲ್ಲಿ ಕಾಡಿನ ಹೂವೊಂದು ದೇವಿಯ ಮುಡಿ ಸೇರಿದ್ದು ಸಹಜವೇ ಅಲ್ವಾ?

ದೇವರ ನಂಟು ಅಲ್ಲಿಗೇ ನಿಲ್ಲುವುದಿಲ್ಲ. ಡಚ್ಚರು 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚು ಹಾಕಿಸಿದ ಮಲಬಾರಿನ ಗಿಡಮರಗಳ ಗ್ರಂಥ 'ಹೊರ್ಟುಸ್ ಮಲಬಾರಿಕುಸ್'ನಲ್ಲಿ ಚೆತ್ತಿಯ ಚಿತ್ರವಿದೆ. 1753ರಲ್ಲಿ ಸಸ್ಯವಿಜ್ಞಾನಿ ಲಿನ್ನೇಯಸ್ ಇದನ್ನು 'ಇಕ್ಸೋರಾ ಕೊಕ್ಸಿನಿಯ' ಎಂದು ಕರೆದ. 'ಇಕ್ಸೋರಾ' ಎಂದರೆ ಬೇರೇನಲ್ಲ, ಈಶ್ವರ ಎಂಬುದನ್ನು ಪೋರ್ಚುಗೀಸರು ಬರೆದುಕೊಂಡ ಬಗೆ. ಅವರ ಬಾಯಲ್ಲಿ 'ಎಕ್ಸ್' ಅಕ್ಷರಕ್ಕೆ 'ಶ' ಎಂಬ ಉಚ್ಚಾರವಿದೆ. 'ಇಶೋರ' ಎಂದು ಓದಿ, ಆಗ ಗೊತ್ತಾಗುತ್ತದೆ.

ಆದರೆ ಗಿಡ ಕೆಂಪಾದದ್ದು ಚಿಟ್ಟೆಗಾಗಿ. ಜೇನುನೊಣದ ಕಣ್ಣಿಗೆ ಕೆಂಪು ಸರಿಯಾಗಿ ಕಾಣುವುದಿಲ್ಲ, ಹಲವು ಚಿಟ್ಟೆಗಳಿಗೆ ಕಾಣುತ್ತದೆ. ಹೂವಿನ ಕೊಳವೆ ಸುಮಾರು 3 ಸೆಂಟಿಮೀಟರ್ ಉದ್ದ, ನೂಲಿನಷ್ಟು ಸಪೂರ. ತಳದಲ್ಲಿರುವ ಮಕರಂದ ಚಿಟ್ಟೆಯ ನೀಳ ಸೊಂಡಿಲಿಗೆ ಎಟಕುತ್ತದೆ. ಚಿಕ್ಕಂದಿನಲ್ಲಿ ನಾವೂ ಹೂ ಕಿತ್ತು ಬುಡ ಚೀಪುತ್ತಿದ್ದೆವು. ಒಂದೇ ಒಂದು ಹನಿ, ಆದರೂ ಎಷ್ಟು ಸಿಹಿ!

ಇನ್ನೊಂದು ಸಂಗತಿ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. ಇನ್ನೇನು ಅರಳಲಿರುವ ಮೊಗ್ಗೊಂದನ್ನು ಉಗುರಿನಿಂದ ಸೀಳಿ ನೋಡಿ. ನಾಲ್ಕು ಪರಾಗ ಚೀಲಗಳು ಒಳಗೇ ಒಡೆದು, ನಡುವಿನ ಕಡ್ಡಿಯ ತುದಿಗೆ ಪರಾಗ ಮೆತ್ತಿರುತ್ತವೆ. ನಾಲ್ಕು ಎಸಳು ಬಿಚ್ಚಿದಾಗ ಆ ಕಡ್ಡಿ ಹೂವಿನಿಂದ ಹೊರಗೆ ಚಾಚಿ ನಿಲ್ಲುತ್ತದೆ. ಅದು ಹೆಣ್ಣು ಭಾಗ, ಹೊತ್ತಿರುವುದು ಮಾತ್ರ ಗಂಡಿನ ಪರಾಗ! ಸೊಂಡಿಲು ಇಳಿಸಲು ಬಂದ ಚಿಟ್ಟೆಯ ಮೈಗೆ ಪರಾಗ ಅಂಟುತ್ತದೆ. ಅದಾದ ಮೇಲೆಯೇ ಕಡ್ಡಿಯ ತುದಿ ಎರಡಾಗಿ ಬಿಚ್ಚಿಕೊಂಡು, ಬೇರೆ ಹೂವಿನ ಪರಾಗಕ್ಕೆ ಕಾಯುತ್ತದೆ. ಮೊದಲು ಕೊಡುವುದು, ಆಮೇಲೆ ಪಡೆಯುವುದು. ಗೊಂಚಲಿನ ಹೂಗಳು ಒಂದೇ ದಿನ ಅರಳದೆ ಸರದಿಯಲ್ಲಿ ಅರಳುವುದರಿಂದ ಚಿಟ್ಟೆಗೆ ಎರಡೂ ಬಗೆಯವು ಸಿಗುತ್ತವೆ.

ಅಂದಹಾಗೆ, ಕೇಪುಳ ಕಾಫಿಯ ಕುಟುಂಬದ ಗಿಡ. ಹಣ್ಣಿನೊಳಗೆ ಕಾಫಿಯ ಹಾಗೆಯೇ ಎರಡು ಬೀಜ. ಕಪ್ಪಗೆ ಹಣ್ಣಾದರೆ ಮಕ್ಕಳೂ ತಿನ್ನುತ್ತಾರೆ, ಹಕ್ಕಿಗಳೂ ತಿನ್ನುತ್ತವೆ.

ಮನೆಗೆ ತಂದು ನೆಡುವವರು ಒಂದು ವಿಷಯ ನೆನಪಿಡಬೇಕು. ನಾನು ಹೊಸ ಕಾಂಪೌಂಡ್ ಗೋಡೆಯ ಬುಡದಲ್ಲಿ ನೆಟ್ಟಿದ್ದೆ. ಕೆಲವೇ ತಿಂಗಳಲ್ಲಿ ಎಳೆ ಎಲೆ ಹಳದಿಯಾಯಿತು, ನರಗಳು ಮಾತ್ರ ಹಸಿರು. ಸುಮ್ನೆ ಗೊಬ್ಬರ ಹಾಕುತ್ತಾ ಹೋದೆ. ತಪ್ಪು ಇದ್ದದ್ದು ಸಿಮೆಂಟಿನ ಸುಣ್ಣದಲ್ಲಿ. ಕೇಪುಳಕ್ಕೆ ಹುಳಿ ಮಣ್ಣು ಬೇಕು. ಸುಣ್ಣ ಜಾಸ್ತಿಯಾದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಹೀರಲು ಆಗುವುದಿಲ್ಲ. ಮಳೆಗಾಲದಲ್ಲಿ ಬುಡಸಮೇತ ಕಿತ್ತು ಬಾವಿಯಾಚೆಯ ಕೆಂಪು ಮಣ್ಣಿಗೆ ಬದಲಿಸಿದೆ. ದೀಪಾವಳಿ ಹೊತ್ತಿಗೆ ಹೊಸ ಚಿಗುರು ಹಸಿರಾಗಿ ಬಂತು, ಒಂದು ಗೊಂಚಲು ಮೊಗ್ಗೂ ಇತ್ತು.