ಅಜ್ಜಿಯ ಸೊಂಟ, ಮಾವನ ಸಹಿ

ತೀರ್ಥಹಳ್ಳಿ ಕಡೆಯ ನಮ್ಮಜ್ಜಿ ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡರು. ಶಿವಮೊಗ್ಗದ ಒಂದು ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರ್ ವರಾಂಡದಲ್ಲಿ ನಿಂತು ಮಾವನಿಗೆ ಎಕ್ಸ್‌ರೇ ತೋರಿಸಿದರು. ಮಾವ ಆಪರೇಷನ್‌ನ ಒಪ್ಪಿಗೆ ಫಾರಂಗೆ ಸಹಿ ಹಾಕಿದರು. ಇಂಗ್ಲಿಷಿನ ಆ ಫಾರಂ ಅಜ್ಜಿಯ ಮಂಚದವರೆಗೂ ಬರಲಿಲ್ಲ. ಅಜ್ಜಿಗೇನು, ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆದವರಿಗೆ ಎಷ್ಟು ಕೂಲಿ ಬಾಕಿ ಅಂತ ಮಲಗಿದಲ್ಲೇ ಲೆಕ್ಕ ಹೇಳುತ್ತಿದ್ದರು.

"ಎಂಥದೋ ಮಾಡ್ತಾರಂತೆ ಮಾರಾಯ, ಎಂಥದು ಅಂತ ನಂಗೊಬ್ಳಿಗೆ ಗೊತ್ತಿಲ್ಲ" ಅಂದರು.

ಮನೆಯವರದ್ದು ಕೆಟ್ಟ ಮನಸ್ಸಲ್ಲ. ಒಂಟಿ ಮನೆಗಳ ನಮ್ಮ ಕಡೆ ಕಾಯಿಲೆಯವರನ್ನು ರಸ್ತೆಯವರೆಗೆ ಹೊತ್ತು ತರುತ್ತಿದ್ದವರು ಮನೆಯವರೇ. ಹೊತ್ತವರ ಮಾತೇ ನಡೆಯುವುದು ರೂಢಿಯಾಯಿತು.

ಕಾನೂನು ಏನು ಹೇಳುತ್ತದೆ? 1872ರ ಕರಾರು ಕಾಯ್ದೆಯ ಪ್ರಕಾರ, ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಅದು ಸಮ್ಮತಿ. ಆಗಾಗ ಬುದ್ಧಿ ತಪ್ಪುವವರು ಕೂಡ ಸರಿಯಿದ್ದಾಗ ಕರಾರು ಮಾಡಿಕೊಳ್ಳಬಹುದು ಅಂತಲೂ ಅದರಲ್ಲಿದೆ. ಅಷ್ಟು ಹಿಂದೆಯೇ! ಆದರೆ ವೈದ್ಯರ ನಡತೆಗೆ 2002ರಲ್ಲಿ ಬಂದ ನಿಯಮ ನೋಡಿ. ಆಪರೇಷನ್‌ಗೆ ಯಾರ ಒಪ್ಪಿಗೆ ಬೇಕು ಎಂಬಲ್ಲಿ ಮೊದಲು ಗಂಡ ಅಥವಾ ಹೆಂಡತಿ, ಆಮೇಲೆ ಮಕ್ಕಳಾದರೆ ತಂದೆತಾಯಿ, ಕೊನೆಗೆ ರೋಗಿ. ಈ ಸಾಲು ಓದಿದಾಗ ನನಗೆ ಅಜ್ಜಿಯೇ ನೆನಪಾದರು.

2008ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿತು. 44 ವರ್ಷದ ಮಹಿಳೆಯೊಬ್ಬರು ಬರೀ ತಪಾಸಣೆಗೆ ಒಪ್ಪಿದ್ದರು. ಅರಿವಳಿಕೆಯಲ್ಲಿದ್ದಾಗ ಅವರ ತಾಯಿಯನ್ನು ಕೇಳಿ ಗರ್ಭಕೋಶವನ್ನೇ ತೆಗೆದರು. ಜೀವಕ್ಕೆ ಅಪಾಯವಿರಲಿಲ್ಲ, ಎಚ್ಚರವಾಗುವವರೆಗೆ ಕಾಯಬಹುದಿತ್ತು. ತಾಯಿಯ ಒಪ್ಪಿಗೆ ಒಪ್ಪಿಗೆಯೇ ಅಲ್ಲ ಎಂದಿತು ಕೋರ್ಟು.

2017ರ ಮಾನಸಿಕ ಆರೋಗ್ಯ ಕಾಯ್ದೆ ಇನ್ನೂ ಮುಂದೆ ಹೋಯಿತು. ರೋಗಿಗೆ ಹೇಳಿದ್ದು ತಿಳಿಯುತ್ತದಾ, ಮುಂದೇನಾಗಬಹುದು ಅಂತ ಗೊತ್ತಾಗುತ್ತದಾ, ಮಾತಲ್ಲೋ ಸನ್ನೆಯಲ್ಲೋ ಹೇಳಲು ಬರುತ್ತದಾ ಅಂತ ನೋಡಬೇಕು. ವಿವರಣೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ನನಗೆ ತುಂಬಾ ಇಷ್ಟವಾದ ಮಾತು ಇನ್ನೊಂದಿದೆ: ಅವರ ತೀರ್ಮಾನ ಬೇರೆಯವರಿಗೆ ಸರಿ ಕಾಣಲಿಲ್ಲ ಅಂದಮಾತ್ರಕ್ಕೆ ತೀರ್ಮಾನಿಸುವ ಶಕ್ತಿಯೇ ಇಲ್ಲ ಅನ್ನುವಂತಿಲ್ಲ. ಇದು ಮಾನಸಿಕ ಚಿಕಿತ್ಸೆಗೆ ಬರೆದ ಕಾಯ್ದೆ. ಆದರೂ ಎಲ್ಲ ವಾರ್ಡಿಗೂ ಬೇಕಾದ ಮಾತು, ಅಲ್ವಾ?

ಕೊನೆಗಾಲದ ಚಿಕಿತ್ಸೆ ಬೇಕೋ ಬೇಡವೋ ಅಂತ ಮೊದಲೇ ಬರೆದಿಡುವುದನ್ನು ಕೋರ್ಟು 2018ರಲ್ಲಿ ಒಪ್ಪಿತು. 2023ರಲ್ಲಿ ಮ್ಯಾಜಿಸ್ಟ್ರೇಟರ ಬದಲು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು ಎಂದಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು.

ಎರಡು ವರ್ಷದ ಮೇಲೆ ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಬೇಕಿತ್ತು. ಈ ಸಲ ನರ್ಸ್ ಮಂಚದ ತುದಿಯಲ್ಲಿ ಕೂತು ಕನ್ನಡದಲ್ಲೇ ಎಲ್ಲ ಹೇಳಿದರು. ಎಷ್ಟು ದಿನ ಬಗ್ಗಬಾರದು, ಒಲೆ ಮುಂದೆ ಯಾವಾಗ ಕೂರಬಹುದು ಅಂತ ಅಜ್ಜಿ ಕೇಳಿದರು. ಆಮೇಲೆ, "ದೀಪಾವಳಿ ಕಳೀಲಿ, ಮಾಡಿಸ್ಕೋತೀನಿ" ಅಂದರು. ಮಾವ ಸಿಡುಕಿದರು. ನರ್ಸ್ ತಾರೀಖು ಬದಲಿಸಿ ಬರೆದುಕೊಂಡರು.