ಇನ್‌ವಾಯ್ಸ್ ಬೆಲೆ ಮತ್ತು ಒಬ್ಬ ಉಪಾಧ್ಯಕ್ಷೆ

ಕಸ್ಟಮ್ಸ್ ಏಜೆಂಟ್ ಆದವನ ಕಣ್ಣಿಗೆ ಮೊದಲು ಬೀಳುವುದು ಸರಕಲ್ಲ, ಕಾಗದ. ಇನ್‌ವಾಯ್ಸ್‌ನಲ್ಲಿರುವ ಬೆಲೆಯ ಮೇಲೆ ಸುಂಕ ಬೀಳುತ್ತದೆ. 10 ಲಕ್ಷದ ಬಟ್ಟೆಯನ್ನು 4 ಲಕ್ಷ ಅಂತ ತೋರಿಸಿದರೆ ಉಳಿದ 6 ಲಕ್ಷದ ಮೇಲಿನ ಸುಂಕ ಉಳಿಯಿತು. ಕೇಳಲು ಸುಲಭ, ಅಲ್ವಾ? ಆದರೆ ದಿನಾ ನಡೆಸುವುದು ಕಷ್ಟ. ಕಂಟೇನರ್ ತೆಗೆಸಿ ನೋಡುವವರು, ಬೆಲೆ ಒಪ್ಪುವವರು, ಇವರನ್ನೆಲ್ಲ ಆ ಕುರ್ಚಿಯಲ್ಲಿ ಕೂರಿಸುವವರು, ಎಲ್ಲರೂ ಒಂದಾಗಬೇಕು.

ಮಧ್ಯ ಅಮೆರಿಕದ ಗ್ವಾಟೆಮಾಲಾದಲ್ಲಿ ಹಾಗೆ ಒಂದಾಗಿದ್ದರು. ರೊಕ್ಸಾನಾ ಬಾಲ್ಡೆಟ್ಟಿ ಪತ್ರಿಕೋದ್ಯಮದಿಂದ ರಾಜಕೀಯಕ್ಕೆ ಬಂದವರು. ನಿವೃತ್ತ ಜನರಲ್ ಓಟ್ಟೊ ಪೆರೆಸ್ ಮೊಲಿನಾ ಜೊತೆ ಪೇಟ್ರಿಯಾಟ್ ಪಕ್ಷ ಕಟ್ಟಿದರು, ಸಂಸತ್ತಿಗೆ ಹೋದರು. 2012ರ ಜನವರಿಯಲ್ಲಿ ಅವರು ಅಧ್ಯಕ್ಷ, ಇವರು ದೇಶದ ಮೊದಲ ಮಹಿಳಾ ಉಪಾಧ್ಯಕ್ಷೆ.

2015ರ ಏಪ್ರಿಲ್ 16ರಂದು ಗುಟ್ಟು ರಟ್ಟಾಯಿತು. ವಿಶ್ವಸಂಸ್ಥೆಯ ಬೆಂಬಲದ ತನಿಖಾ ಆಯೋಗ ಮತ್ತು ಅಲ್ಲಿನ ಪ್ರಾಸಿಕ್ಯೂಟರ್‌ಗಳು ತಿಂಗಳುಗಟ್ಟಲೆ ಫೋನ್ ಕದ್ದಾಲಿಸಿದ್ದರು. ಸುಂಕ ಇಳಿಸಿಕೊಳ್ಳಬೇಕಾದ ಆಮದುದಾರ ಒಂದು ನಂಬರಿಗೆ ಫೋನ್ ಮಾಡುತ್ತಿದ್ದ. ಅದಕ್ಕೇ ಈ ಜಾಲಕ್ಕೆ 'ಲಾ ಲೀನೆಯಾ', ಅಂದರೆ 'ಲೈನ್', ಅನ್ನುವ ಹೆಸರು. ತೆರಿಗೆ ಇಲಾಖೆಯ ಆಗಿನ ಮುಖ್ಯಸ್ಥ, ಹಿಂದಿನ ಮುಖ್ಯಸ್ಥ ಇಬ್ಬರೂ ಬಂಧಿತರಾದರು. ನನ್ನ ಪ್ರಕಾರ ಇಡೀ ಕೇಸಿನ ಜೀವ ಇರುವುದು ಇಲ್ಲೇ. ಹಡಗುಕಟ್ಟೆಯಲ್ಲಿ ನಿಂತ ಇನ್‌ಸ್ಪೆಕ್ಟರ್‌ಗೆ ಲಂಚ ಕೊಟ್ಟರೆ ಒಂದು ಕಂಟೇನರ್ ದಾಟುತ್ತದೆ. ಮೇಲಿನ ಕುರ್ಚಿಯೇ ಕೈಯಲ್ಲಿದ್ದರೆ ಇಡೀ ಬಂದರಿನ ಸರಕೇ ದಾಟುತ್ತದೆ. ಉಪಾಧ್ಯಕ್ಷರ ಸಹಿ ಯಾವ ಕಾಗದದ ಮೇಲೂ ಇರಬೇಕಿಲ್ಲ.

ಸುದ್ದಿ ಸ್ಫೋಟವಾದಾಗ ಬಾಲ್ಡೆಟ್ಟಿ ಗೌರವ ಡಾಕ್ಟರೇಟ್ ಪಡೆಯಲು ದಕ್ಷಿಣ ಕೊರಿಯಾಕ್ಕೆ ಹೋಗಿದ್ದರು. ಜಾಲದ ಮುಖ್ಯಸ್ಥ ಎಂಬ ಆರೋಪ ಹೊತ್ತಿದ್ದ ಅವರ ಖಾಸಗಿ ಕಾರ್ಯದರ್ಶಿಯೂ ಜೊತೆಗಿದ್ದ. ಹೋಗುವಾಗ ಇಬ್ಬರು, ಬರುವಾಗ ಮೇಡಂ ಮಾತ್ರ. ಆತ ತಲೆಮರೆಸಿಕೊಂಡು ಅಕ್ಟೋಬರಿನಲ್ಲಿ ಶರಣಾದ.

ರಾಜಧಾನಿಯ ಸಂವಿಧಾನ ಚೌಕದಲ್ಲಿ ಜನ ಸೇರಿ 'ಈಗಲೇ ರಾಜೀನಾಮೆ ಕೊಡಿ' ಎಂದು ಕೂಗಿದರು. ಮೇ 8ಕ್ಕೆ ಆಕೆ ಇಳಿದರು. ಆಗಸ್ಟ್‌ನಲ್ಲಿ ಬಂಧನ, ಸೆಪ್ಟೆಂಬರ್ ಮೊದಲ ವಾರಕ್ಕೆ ಅಧ್ಯಕ್ಷರೂ ಹೊರಗೆ. ತೀರ್ಪು ಬರಲು ಮಾತ್ರ ಏಳು ವರ್ಷ ಹಿಡಿಯಿತು: 2022ರ ಡಿಸೆಂಬರ್‌ನಲ್ಲಿ ಇಬ್ಬರಿಗೂ 16 ವರ್ಷ ಶಿಕ್ಷೆ.

ಅದಕ್ಕೂ ಮುಂಚೆ, 2018ರಲ್ಲೇ, ಬೇರೊಂದು ಕೇಸಿನಲ್ಲಿ ಆಕೆಗೆ ಹದಿನೈದೂವರೆ ವರ್ಷ ಬಿದ್ದಿತ್ತು. ಕೊಳೆತು ನಾರುತ್ತಿದ್ದ ಅಮಾಟಿಟ್ಲಾನ್ ಸರೋವರವನ್ನು ಶುದ್ಧ ಮಾಡಲು ಸುಮಾರು 1.8 ಕೋಟಿ ಡಾಲರಿನ ಗುತ್ತಿಗೆ ಕೊಡಿಸಿದ್ದರು. ಬಂದ ದ್ರವಕ್ಕೆ ಜನ ಇಟ್ಟ ಹೆಸರು 'ಮಾಂತ್ರಿಕ ನೀರು'. ಪರೀಕ್ಷಿಸಿದರೆ ಅದರಲ್ಲಿದ್ದದ್ದು ಹೆಚ್ಚೂಕಡಿಮೆ ನೀರು, ಉಪ್ಪು, ಕ್ಲೋರಿನ್. ನಮ್ಮ ಕೆಲಸದಲ್ಲಿ ಹೆಸರೇ ಕೇಳದ ರಾಸಾಯನಿಕದ ಡ್ರಮ್ ಬಂದರೆ, ಯಾವ ಸುಂಕ ಅಂತ ತೀರ್ಮಾನಿಸುವ ಮುಂಚೆ ಒಂದು ಸ್ಯಾಂಪಲ್ ಲ್ಯಾಬಿಗೆ ಹೋಗುತ್ತದೆ.