ಸ್ಟೀರಾಯ್ಡ್ ಶುರುವಾದ ಮೇಲೆ ಶುಗರ್ ಏರಿದೆ, ಅನ್ನ ಬಿಟ್ಟು ಮುದ್ದೆ ಕೊಟ್ಟರೆ ಸಾಕಾ?

ಪ್ರಶ್ನೆ: ನಮ್ಮ ಅತ್ತೆಗೆ ರುಮಟಾಯ್ಡ್ ಕೀಲುವಾತ. ವೈಸೊಲೋನ್ ಮಾತ್ರೆ ಕೊಟ್ಟಿದ್ದಾರೆ, ಬೆಳಿಗ್ಗೆ ತಿಂಡಿ ಆದ ಮೇಲೆ ತಗೋತಾರೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಶುಗರ್ 108, ಸಂಜೆ ನೋಡಿದರೆ 270! ಮೀಟರ್ ಕೆಟ್ಟಿದೆಯಾ? ಅನ್ನ ನಿಲ್ಲಿಸಿ ರಾಗಿ ಮುದ್ದೆ ಕೊಟ್ಟರೆ ಸರಿಹೋಗುತ್ತಾ?

ಉತ್ತರ: ಮೀಟರ್ ಸರಿಯಾಗೇ ಇರಬೇಕು. ಬೆಳಿಗ್ಗೆ ತಗೊಳ್ಳುವ ಪ್ರೆಡ್ನಿಸೊಲೋನ್ ಅನ್ನುವ ಸ್ಟೀರಾಯ್ಡ್ (ವೈಸೊಲೋನ್ ಅಂದರೆ ಅದೇ) ಮಾಡುವ ಕೆಲಸವೇ ಹಾಗೆ. ಮಾತ್ರೆ ನುಂಗಿದ ಸುಮಾರು 4ರಿಂದ 8 ಗಂಟೆಯಲ್ಲಿ ಅದರ ಜೋರು ಹೆಚ್ಚು. ಲಿವರ್ ಸುಮ್ನೆ ಸಕ್ಕರೆ ಹೊರಗೆ ಬಿಡುತ್ತಾ ಹೋಗುತ್ತದೆ, ಇನ್ಸುಲಿನ್ ಮಾತನ್ನು ಸ್ನಾಯುಗಳು ಸರಿಯಾಗಿ ಕೇಳುವುದಿಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಜೋರು ಇಳಿದಿರುತ್ತದೆ. ಅದಕ್ಕೇ ಬೆಳಗಿನ ರೀಡಿಂಗ್ ನೋಡಿ 'ಎಲ್ಲಾ ನಾರ್ಮಲ್' ಅಂದುಕೊಳ್ಳುವವರು ಜಾಸ್ತಿ. ನೀವು ಸಂಜೆ ನೋಡಿದ್ದು ಒಳ್ಳೆಯದಾಯಿತು. ಮಧ್ಯಾಹ್ನದ ಊಟವಾಗಿ ಎರಡು ಗಂಟೆಗೆ ಒಂದು, ರಾತ್ರಿ ಊಟಕ್ಕೆ ಮುಂಚೆ ಒಂದು ರೀಡಿಂಗ್ ಬರೆದಿಡಿ, ಡಾಕ್ಟರಿಗೆ ಬೇಕಾಗುವುದು ಅದೇ. ಹೆಚ್ಚು ಹೊತ್ತು ಕೆಲಸ ಮಾಡುವ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಆಗಿದ್ದರೆ ಅಥವಾ ಮಾತ್ರೆ ದಿನಕ್ಕೆ ಎರಡು ಸಲ ಇದ್ದರೆ ಈ ಲೆಕ್ಕ ಬದಲಾಗುತ್ತದೆ, ಶುಗರ್ ದಿನವಿಡೀ ಮೇಲೇ ಇರಬಹುದು.

ಇನ್ನು ಮುದ್ದೆ. ಬೇಜಾರಾದರೂ ಹೇಳಲೇಬೇಕು, ಅನ್ನದ ಬದಲು ಮುದ್ದೆ ಅನ್ನುವುದು ಕಾರ್ಬ್ (ಹೊಟ್ಟೆಯಲ್ಲಿ ಸಕ್ಕರೆಯಾಗುವ ಪಿಷ್ಟ) ಕಡಿಮೆ ಮಾಡಿದಂತಲ್ಲ. 100 ಗ್ರಾಂ ಅಕ್ಕಿಯಲ್ಲಿ ಕಾರ್ಬ್ 78 ಗ್ರಾಂ ಹತ್ತಿರ, ರಾಗಿ ಹಿಟ್ಟಿನಲ್ಲಿ 70ರ ಆಸುಪಾಸು. ರಾಗಿಯಲ್ಲಿ ನಾರು ಜಾಸ್ತಿ, ಕ್ಯಾಲ್ಸಿಯಂ ಚೆನ್ನಾಗಿದೆ (ಸ್ಟೀರಾಯ್ಡ್ ಮೂಳೆ ಸವೆಸುವುದರಿಂದ ಅದೂ ಬೇಕು), ಆದರೆ ಗುಂಡಗೆ ಕಟ್ಟಿದ ದೊಡ್ಡ ಮುದ್ದೆ ಒಂದು ಇಳಿಸಿ, ಅದರ ಮೇಲೆ 'ಸ್ವಲ್ಪ ಅನ್ನ' ಅಂತ ಕಲಸಿಕೊಂಡರೆ ಸಂಜೆ 270 ಬಾರದೆ ಇನ್ನೇನು ಬರುತ್ತದೆ? ಎರಡರಲ್ಲಿ ಒಂದೇ ಇರಲಿ, ಅದೂ ಅರ್ಧ.

ನನ್ನ ಪ್ರಕಾರ ಏನು ತಿನ್ನುತ್ತಾರೆ ಅನ್ನುವಷ್ಟೇ ಯಾವಾಗ ತಿನ್ನುತ್ತಾರೆ ಅನ್ನುವುದೂ ಇಲ್ಲಿ ಮುಖ್ಯ. ಎರಡು ಇಡ್ಲಿಯೋ ಒಂದು ದೋಸೆಯೋ ಬೆಳಿಗ್ಗೆಯೇ ಆಗಲಿ, ಮಾತ್ರೆಯ ಜೋರು ಇನ್ನೂ ಶುರುವಾಗಿರುವುದಿಲ್ಲ. ಕೈ ಬಿಗಿ ಮಾಡಬೇಕಾದ್ದು ಮಧ್ಯಾಹ್ನ ಮತ್ತು ಸಂಜೆ. ಮಧ್ಯಾಹ್ನ ತಟ್ಟೆಗೆ ಮೊದಲು ಪಲ್ಯ ಬೀಳಲಿ. ಬಸ್ಸಾರು ಮಾಡಿದ ದಿನವಂತೂ ಸೊಪ್ಪು, ಕಾಳು ಹಾಕಿದ ಪಲ್ಯವನ್ನೇ ಅರ್ಧ ತಟ್ಟೆ ಬಡಿಸಿ. ಜೊತೆಗೆ ಮೊಟ್ಟೆ, ಮೀನು, ಕೋಳಿ, ತಿನ್ನದವರಾದರೆ ಪನೀರ್, ಮೊಸರು. ಕೊನೆಗೆ ಅರ್ಧ ಮುದ್ದೆಯೋ ಒಂದು ಸೌಟು ಅನ್ನವೋ. ಸ್ಟೀರಾಯ್ಡ್ ಸ್ನಾಯುವನ್ನೂ ಕರಗಿಸುತ್ತದೆ, ಹಾಗಾಗಿ ಪ್ರೋಟೀನ್ ಕಡಿಮೆಯಾಗಬಾರದು. ಕಿಡ್ನಿ ತೊಂದರೆ ಇದ್ದವರು ಮಾತ್ರ ಪ್ರೋಟೀನ್ ಎಷ್ಟು ಅಂತ ಕೇಳಿಕೊಂಡೇ ತಿನ್ನಬೇಕು.

ಸಂಜೆ ಐದು ಗಂಟೆಯೇ ಕಷ್ಟದ ಹೊತ್ತು. ಈ ಮಾತ್ರೆ ವಿಪರೀತ ಹಸಿವು ತರುತ್ತದೆ, ಬಾಯಿ ಚಪಲ ಅಂತ ಅವರನ್ನು ಬೈಯಬೇಡಿ. ಸಕ್ಕರೆ ಹಾಕಿದ ಕಾಫಿ, ರಸ್ಕು, ಚುರುಮುರಿ ಬದಲು ಒಂದು ಹಿಡಿ ಹುರಿದ ಕಡಲೆಬೀಜ, ಹೆಸರುಕಾಳು ಉಸ್ಲಿ, ಸೌತೆಕಾಯಿ ಇಟ್ಟಿರಿ. ಬೆಲ್ಲ ಹಾಕಿದರೆ ಪರವಾಗಿಲ್ಲ ಅನ್ನುವ ಮಾತು ನಂಬಬೇಡಿ. ಉಪ್ಪಿನಕಾಯಿ, ಹಪ್ಪಳವೂ ಕಡಿಮೆಯಿರಲಿ, ಸ್ಟೀರಾಯ್ಡ್‌ನಿಂದ ಮೈಯಲ್ಲಿ ನೀರು ನಿಲ್ಲುತ್ತದೆ, ಬಿಪಿಯೂ ಏರುತ್ತದೆ.

ಆದರೆ ಅನ್ನ, ಮುದ್ದೆ ಎಲ್ಲ ಪೂರ್ತಿ ನಿಲ್ಲಿಸಿ ಕೀಟೋ (ಕಾರ್ಬ್ ಬಹುತೇಕ ಬಿಟ್ಟುಬಿಡುವ ಪಥ್ಯ) ಮಾಡಲು ಹೋಗಬೇಡಿ. ಅವರು ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಅನ್ನುವ ಶುಗರ್ ಮಾತ್ರೆ ತಗೊಳ್ಳುತ್ತಿದ್ದರೆ ಅದು ಅಪಾಯ: ಶುಗರ್ ಅಷ್ಟೇನೂ ಏರದೆಯೇ ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟುವ ಆಮ್ಲ) ತುಂಬಿ ಆಸ್ಪತ್ರೆ ಸೇರಬೇಕಾಗಬಹುದು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಅನ್ನುವ ಶುಗರ್ ಮಾತ್ರೆ ಇದ್ದರೆ, ಊಟ ಕಡಿಮೆಯಾಗಿ ಡೋಸ್ ಹಾಗೇ ಉಳಿದರೆ ಲೋ ಶುಗರ್ ಆಗುತ್ತದೆ. ಹಾಗಾಗಿ ಊಟ ಬದಲಿಸುವ ಮೊದಲೇ ಡಾಕ್ಟರಿಗೆ ಒಂದು ಫೋನ್ ಮಾಡಿ.

270 ಬರುತ್ತಿದೆ ಅಂದರೆ ಬರೀ ತಟ್ಟೆ ಬದಲಿಸಿದರೆ ಇಳಿಯದೆಯೂ ಇರಬಹುದು, ಸ್ವಲ್ಪ ದಿನ ಶುಗರ್ ಮಾತ್ರೆಯೋ ಬೆಳಗಿನ ಇನ್ಸುಲಿನ್ನೋ ಬೇಕಾಗಬಹುದು. ಪಥ್ಯ ಸೋತಿತು ಅಂತ ಅರ್ಥವಲ್ಲ. 300 ದಾಟಿದರೆ, ಬಾಯಾರಿಕೆ, ಪದೇ ಪದೇ ಮೂತ್ರ, ವಾಂತಿ ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅವತ್ತೇ ತೋರಿಸಿ. ಶುಗರ್ ಭಯಕ್ಕೆ ವೈಸೊಲೋನ್ ಮಾತ್ರ ನೀವಾಗಿ ನಿಲ್ಲಿಸಬೇಡಿ. ವಾರಗಟ್ಟಲೆ ತಗೊಂಡ ಮೇಲೆ ದೇಹ ತನ್ನ ಸ್ವಂತ ಸ್ಟೀರಾಯ್ಡ್ ತಯಾರಿಸುವುದನ್ನೇ ಕಡಿಮೆ ಮಾಡಿರುತ್ತದೆ, ಒಮ್ಮೆಲೇ ಬಿಟ್ಟರೆ ಬಿಪಿ ಕುಸಿದು ಜೀವಕ್ಕೇ ಕುತ್ತು. ಡಾಕ್ಟರೇ ಡೋಸ್ ಇಳಿಸುತ್ತಾ ಬಂದ ಹಾಗೆ ಶುಗರೂ ಇಳಿಯುತ್ತದೆ, ಆಗ ಇನ್ಸುಲಿನ್ ಡೋಸನ್ನೂ ಕೇಳಿ ಇಳಿಸಿಕೊಳ್ಳಬೇಕು. ಆ ವಾರಗಳಲ್ಲಿ ಅತ್ತೆಗೆ ಬೆವರು, ನಡುಕ ಬಂದರೆ ಮೊದಲು ಮೀಟರ್ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ.